ಗುಡಿಗೆ ಬಿಟ್ಟ ಜನ: ನೆತಿನೀಮ್ ಮನೆತನಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೈಬಲಿನಲ್ಲಿ ಎಜ್ರನ ಪುಸ್ತಕದ 2ನೇ ಅಧ್ಯಾಯ ಬಂತು ಅಂದರೆ ಬಹಳ ಜನ ಪುಟ ಮಗುಚಿಬಿಡುತ್ತಾರೆ. ಬರೀ ಹೆಸರು, ಬರೀ ಲೆಕ್ಕ. ನಾನೂ ವರ್ಷಗಟ್ಟಲೆ ಹಾಗೇ ಮಾಡಿದ್ದೆ. ಗಟ್ಟಿಯಾಗಿ ಓದುವ ಸರದಿ ಬಂದಾಗಲಂತೂ ನಾಲಿಗೆ ತೊಡರಿ, ಅರ್ಧ ಹೆಸರು ನುಂಗಿ ಮುಂದೆ ಓಡುತ್ತಿದ್ದೆ. ಒಂದು ದಿನ ಸುಮ್ನೆ ಆ ಪಟ್ಟಿಯನ್ನು ಸಾಲು ಸಾಲಾಗಿ ಓದಿದೆ. 43ನೇ ವಚನದಿಂದ 58ರವರೆಗೆ ಸಿಕ್ಕ ಜನರನ್ನು ಆಮೇಲೆ ಬಿಡಲು ಆಗಲಿಲ್ಲ. ಅವರ ಬಗ್ಗೆ ಮಾತಾಡಿದಾಗೆಲ್ಲ ಬರುವ ಪ್ರಶ್ನೆಗಳು ಇಲ್ಲಿವೆ.

ನೆತಿನೀಮ್ ಅಂದರೆ ಯಾರು?

ಜೆರುಸಲೇಮಿನ ದೇವಾಲಯದಲ್ಲಿ ಊಳಿಗ ಮಾಡುತ್ತಿದ್ದ ಮನೆತನಗಳು. ಯಾಜಕರಲ್ಲ, ಯಾಜಕರಿಗೆ ನೆರವಾಗುವ ಲೇವಿ ಕುಲದವರಾದ ಲೇವಿಯರಲ್ಲ, ಹಾಡುಗಾರರಲ್ಲ, ಬಾಗಿಲು ಕಾಯುವವರೂ ಅಲ್ಲ. ಅವರೆಲ್ಲರ ಹೆಸರು ಮುಗಿದ ಮೇಲೆ ಇವರ ಹೆಸರು ಬರುತ್ತದೆ.

ಹಿನ್ನೆಲೆ ಗೊತ್ತಿಲ್ಲದವರಿಗೆ ಎರಡು ಮಾತು. ಕ್ರಿ.ಪೂ. 586ರ ಸುಮಾರಿಗೆ ಬಾಬಿಲೋನಿನ ಅರಸ ನೆಬೂಕದ್ನೆಚ್ಚರನ ಸೈನ್ಯ ಜೆರುಸಲೇಮನ್ನು ಹಾಳುಮಾಡಿತು. ಹಿಂದಿನ ಅರಸ ಸೊಲೊಮೋನ ಕಟ್ಟಿಸಿದ್ದ ದೇವಾಲಯ ಸುಟ್ಟುಹೋಯಿತು. ಜನರನ್ನು ಸೆರೆ ಹಿಡಿದು ಬಾಬಿಲೋನಿಗೆ ಒಯ್ದರು. ಕ್ರಿ.ಪೂ. 539ರಲ್ಲಿ ಪರ್ಷಿಯದ ಅರಸ ಕೋರೆಷ ಬಾಬಿಲೋನನ್ನು ಗೆದ್ದ. ಹಿಂದಿರುಗಲು ಅಪ್ಪಣೆ ಕೊಟ್ಟ. ಹೊರಟು ಬಂದವರ ಪಟ್ಟಿಯೇ ಎಜ್ರ 2. ಎರಡನೇ ದೇವಾಲಯ ಮುಗಿದದ್ದು ಕ್ರಿ.ಪೂ. 515ರ ಹೊತ್ತಿಗೆ.

ಆ ಪದಕ್ಕೆ ಅರ್ಥ ಏನು?

ಹೀಬ್ರೂ ಭಾಷೆಯಲ್ಲಿ 'ನಾತನ್' ಅಂದರೆ ಕೊಡು. ಅದರಿಂದ ಬಂದದ್ದು ನೆತಿನೀಮ್, ಅಂದರೆ ದೇವಾಲಯಕ್ಕೆ ಕೊಟ್ಟ ಜನ. ನಮ್ಮ ಮಾತಿನಲ್ಲಿ ಹೇಳಬೇಕೆಂದರೆ 'ದೇವರಿಗೆ ಬಿಟ್ಟವರು' ಅನ್ನುವುದೇ ಹತ್ತಿರದ ಮಾತು. ನಾತಾನ, ಯೋನಾತಾನ, ನೆತನ್ಯಾಹು ಎಂಬ ಹೆಸರುಗಳೂ ಇದೇ ಬೇರಿನವು. ಆದರೆ ಆ ಹೆಸರುಗಳಲ್ಲಿ ಕೊಟ್ಟವನು ದೇವರು, ಪಡೆದವರು ಅಪ್ಪ ಅಮ್ಮ. ಇಲ್ಲಿ ಜನರೇ ಕೊಡುಗೆ.

ಇದರಲ್ಲೇ ಕೀಳು ಅರ್ಥ ಇದೆ ಎಂದು ಅಂದುಕೊಳ್ಳಬೇಡಿ. ಬೈಬಲಿನ ಅರಣ್ಯಕಾಂಡದ 3 ಮತ್ತು 8ನೇ ಅಧ್ಯಾಯಗಳಲ್ಲಿ ಲೇವಿಯರನ್ನೂ ಇದೇ ಬೇರಿನ ಪದದಿಂದ ಕರೆದಿದ್ದಾರೆ. ಲೇವಿಯರು ಮೊದಲ ಮಹಾಯಾಜಕ ಆರೋನನಿಗೆ ಕೊಟ್ಟವರು. ನೆತಿನೀಮರು ಲೇವಿಯರಿಗೆ ಕೊಟ್ಟವರು. ಒಂದೇ ಪದ, ಮೆಟ್ಟಿಲು ಮಾತ್ರ ಬೇರೆ.

ಬೈಬಲಿನಲ್ಲಿ ಇವರು ಎಲ್ಲೆಲ್ಲಿ ಸಿಗುತ್ತಾರೆ?

ಎಜ್ರ ಮತ್ತು ನೆಹೆಮೀಯ ಪುಸ್ತಕಗಳಲ್ಲಿ. ಅದರಾಚೆ ಒಂದೇ ಒಂದು ಕಡೆ, 1 ಪೂರ್ವಕಾಲವೃತ್ತಾಂತ 9:2ರಲ್ಲಿ. ಸೆರೆಗೆ ಮುಂಚಿನ ಕಥೆ ಹೇಳುವ ಸಮುವೇಲನ ಪುಸ್ತಕಗಳಲ್ಲಾಗಲಿ ಅರಸುಗಳ ಪುಸ್ತಕಗಳಲ್ಲಾಗಲಿ ಈ ಹೆಸರೇ ಇಲ್ಲ. ಅದಕ್ಕೇ ಇವರ ಹುಟ್ಟಿನ ಬಗ್ಗೆ ಇಷ್ಟೊಂದು ವಾದ.

ಬಾಬಿಲೋನಿನಿಂದ ಎಷ್ಟು ಜನ ಬಂದರು?

ಮೊದಲ ಗುಂಪಿನಲ್ಲಿ 392. ಇದರಲ್ಲಿ 'ಸೊಲೊಮೋನನ ಸೇವಕರ ಮಕ್ಕಳು' ಎಂಬ ಇನ್ನೊಂದು ಗುಂಪೂ ಸೇರಿದೆ. ಎಜ್ರನ ಪಟ್ಟಿಯಲ್ಲಿ ನೆತಿನೀಮ್ ಮನೆತನಗಳು 35, ಸೊಲೊಮೋನನ ಸೇವಕರ ಮನೆತನಗಳು 10. ಒಟ್ಟು 45. ಭಾಗಿಸಿ ನೋಡಿ, ಮನೆತನಕ್ಕೆ ಒಂಬತ್ತು ಜನವೂ ಇಲ್ಲ. ಪಕ್ಕದಲ್ಲೇ ಯಾಜಕರ ಲೆಕ್ಕ ನೋಡಿದರೆ ನಾಲ್ಕೇ ಮನೆತನ, 4,289 ಜನ! ಇಮ್ಮೇರನ ಮನೆತನ ಒಂದರಲ್ಲೇ 1,052.

ಹಿಡಿಯಷ್ಟು ಜನರಿರುವ ಮನೆತನಕ್ಕೂ ಬೇರೆ ಸಾಲು ಕೊಟ್ಟು ಬರೆದಿದ್ದಾರಲ್ಲ, ನನಗೆ ಇಷ್ಟವಾದದ್ದು ಅದೇ. ಪಟ್ಟಿ ಬರೆದವನಿಗೆ ಇವರನ್ನೆಲ್ಲ 'ಇತರೆ' ಎಂದು ಒಂದು ಸಾಲಿನಲ್ಲಿ ಮುಗಿಸುವುದು ಸುಲಭವಿತ್ತು.

ಎರಡನೇ ಸಲ, ಧರ್ಮಶಾಸ್ತ್ರದ ಪಂಡಿತನಾದ ಯಾಜಕ ಎಜ್ರ ಬಂದಾಗ, ಇನ್ನೂ 220 ಜನ ಬಂದರು. ಆ ಕಥೆ ಕೆಳಗಿದೆ.

ಎಜ್ರನ ಪಟ್ಟಿಗೂ ನೆಹೆಮೀಯನ ಪಟ್ಟಿಗೂ ಯಾಕೆ ವ್ಯತ್ಯಾಸ?

ನೆಹೆಮೀಯ 7ರಲ್ಲಿ ಅದೇ ಪಟ್ಟಿ ಮತ್ತೆ ಬರುತ್ತದೆ. ಅಲ್ಲಿ ನೆತಿನೀಮ್ ಮನೆತನಗಳು 32. ಅಕ್ಕೂಬ್, ಹಾಗಾಬ್, ಅಸ್ನ ಎಂಬ ಮೂರು ಹೆಸರು ಇಲ್ಲ. ಹಾಗಿದ್ದರೂ ಒಟ್ಟು 392ರಲ್ಲಿ ಬದಲಾವಣೆ ಇಲ್ಲ. ಕೈಯಲ್ಲಿ ನಕಲು ಮಾಡುವಾಗ ಕಣ್ಣು ಜಾರಿರಬೇಕು. 'ಹಾಗಾಬ' ಎಂಬ ಮನೆತನದ ಹತ್ತಿರದಲ್ಲೇ 'ಹಾಗಾಬ್' ಎಂಬ ಇನ್ನೊಂದಿದೆ. ಒಂದನ್ನು ಬರೆದು ತಲೆಯೆತ್ತಿದವನಿಗೆ ಇನ್ನೊಂದು ತಪ್ಪಿಹೋಗುವುದು ಸಹಜ ಅಲ್ವಾ?

ಇಡೀ ಪಟ್ಟಿಯ ಲೆಕ್ಕವೂ ಹೀಗೇ ಇದೆ. ಎರಡೂ ಪುಸ್ತಕಗಳು ಒಟ್ಟು 42,360 ಎನ್ನುತ್ತವೆ. ಒಂದೊಂದೇ ಕೂಡಿಸುತ್ತ ಹೋದರೆ ಎಜ್ರನಲ್ಲಿ 29,818 ಬರುತ್ತದೆ, ನೆಹೆಮೀಯನಲ್ಲಿ 31,089. ಹೆಂಗಸರನ್ನು ಸೇರಿಸಿದ್ದರಿಂದ ಒಟ್ಟು ಜಾಸ್ತಿಯಾಯಿತು ಎನ್ನುವವರಿದ್ದಾರೆ. ಬೇರೆ ಕುಲದವರು ಸೇರಿದರು ಎನ್ನುವವರೂ ಇದ್ದಾರೆ. ನಾನು ಈ ಗಣಿತದಲ್ಲಿ ಹೆಚ್ಚು ಹೊತ್ತು ಕೂರುವುದಿಲ್ಲ.

ಆ ಹೆಸರುಗಳಿಂದ ಏನಾದರೂ ತಿಳಿಯುತ್ತದಾ?

ಬಹಳ ತಿಳಿಯುತ್ತದೆ. ಇವರ ಬಗ್ಗೆ ನಮಗೆ ಉಳಿದಿರುವ ಆಸ್ತಿಯೇ ಈ ಹೆಸರುಗಳು.

ಮೊದಲು ಕಣ್ಣಿಗೆ ಬೀಳುವುದು ಅಡ್ಡಹೆಸರುಗಳು. ಬಕ್ಬೂಕ್ ಅಂದರೆ ಹೂಜಿ. ನೀರು ಬಗ್ಗಿಸುವಾಗ ಬುಕ್‌ಬುಕ್ ಅನ್ನುವ ಸದ್ದೇ ಆ ಪದ. ಇಂದಿನ ಹೀಬ್ರೂವಿನಲ್ಲೂ ಬಾಟಲಿಗೆ ಬಕ್ಬೂಕ್ ಎಂದೇ ಹೇಳುತ್ತಾರೆ. ಹಾಗಾಬ್ ಅಂದರೆ ಮಿಡತೆ. ಪಾಸೇಹ ಅಂದರೆ ಕುಂಟ. ಟಬ್ಬಾವೋತ್ ಅಂದರೆ ಉಂಗುರಗಳು. ಹಟೀಫ ಎಂಬ ಹೆಸರಿನ ಬೇರಿನಲ್ಲಿ ಕಿತ್ತುಕೊಳ್ಳುವುದು, ಹಿಡಿದೊಯ್ಯುವುದು ಎಂಬ ಅರ್ಥ ಇದೆ. ಯಾವುದೋ ತಲೆಮಾರಿನ ಒಬ್ಬ ಮಿಡತೆಯ ಹಾಗೆ ಸಣಕಲಾಗಿದ್ದ, ಇನ್ನೊಬ್ಬನ ಹೊಟ್ಟೆ ಹೂಜಿಯ ಹಾಗಿತ್ತು ಎಂದುಕೊಳ್ಳಿ. ಊರು ಹಾಗೇ ಕರೆಯಿತು. ಮೊಮ್ಮಕ್ಕಳ ಕಾಲಕ್ಕೆ ಅದೇ ಮನೆತನದ ಹೆಸರಾಯಿತು. ಹೀಗೇ ಆಗಿತ್ತು ಎಂದು ಆಣೆ ಮಾಡಿ ಹೇಳಲಾರೆ, ಆದರೆ ಹಳ್ಳಿಯಲ್ಲಿ ಮನೆಗಳಿಗೆ ಹೆಸರು ಬೀಳುವ ರೀತಿ ನೋಡಿದವರಿಗೆ ಇದು ವಿಚಿತ್ರ ಅನ್ನಿಸುವುದಿಲ್ಲ.

ಎರಡನೆಯದು, ಹೊರಗಿನ ಹೆಸರುಗಳು. ಪಟ್ಟಿಯ ಮೊದಲ ಹೆಸರು ಚೀಹ. ಅದು ಈಜಿಪ್ಟಿನ ಹೆಸರಿನ ಹಾಗಿದೆ. ಬರ್ಕೋಸ್ ಎಂಬುದರಲ್ಲಿ ಎದೋಮ್ಯರ ದೇವರಾದ ಕೋಸ್ ಅಡಗಿದ್ದಾನೆ ಎನ್ನುತ್ತಾರೆ. ರೆಚೀನ್ ಎಂಬುದು ದಮಸ್ಕದ ಅರಸನೊಬ್ಬನ ಹೆಸರೂ ಹೌದು. ಸೀಸೆರ ಯಾರೆಂದು ನ್ಯಾಯಸ್ಥಾಪಕರು 4 ಓದಿದವರಿಗೆ ಗೊತ್ತು. ಇಸ್ರಾಯೇಲ್ಯರ ಮೇಲೆ ದಂಡೆತ್ತಿ ಬಂದ ಕಾನಾನ್ಯರ ಸೇನಾಪತಿ. ಯಾಯೇಲಳ ಗುಡಾರದಲ್ಲಿ ಗೂಟ ಬಡಿಸಿಕೊಂಡು ಸತ್ತವನು. ಅವನ ಹೆಸರಿನ ಮನೆತನ ಅದೇ ಇಸ್ರಾಯೇಲ್ಯರ ದೇವಾಲಯದಲ್ಲಿ ಊಳಿಗ ಮಾಡುತ್ತಿದೆ!

ಎರಡು ಹೆಸರುಗಳಂತೂ ಬಹುವಚನದಲ್ಲೇ ಇವೆ, ಮೆಯೂನೀಮ್ ಮತ್ತು ನೆಫೀಸೀಮ್. ಇವು ಒಬ್ಬ ಮನುಷ್ಯನ ಹೆಸರಲ್ಲ, ಜನಾಂಗದ ಹೆಸರು. ಅರಸ ಉಜ್ಜೀಯ ಮೆಯೂನೀಮರ ಮೇಲೆ ಯುದ್ಧ ಮಾಡಿದ ಎಂದು 2 ಪೂರ್ವಕಾಲವೃತ್ತಾಂತ 26ರಲ್ಲಿದೆ. ನೆಫೀಸೀಮರನ್ನು ಇಷ್ಮಾಯೇಲನ ಮಗನಾದ ನಾಫೀಷನ ಕಡೆಯವರೊಂದಿಗೆ ಜೋಡಿಸುತ್ತಾರೆ. ಯುದ್ಧದಲ್ಲಿ ಸೆರೆ ಸಿಕ್ಕವರನ್ನು ದೇವಾಲಯಕ್ಕೆ ಒಪ್ಪಿಸಿರಬೇಕು ಎಂಬ ಊಹೆಗೆ ಇದೇ ದೊಡ್ಡ ಆಧಾರ.

'ಸೊಲೊಮೋನನ ಸೇವಕರ ಮಕ್ಕಳು' ಬೇರೆಯವರಾ?

ಮೂಲದಲ್ಲಿ ಬೇರೆ, ಲೆಕ್ಕದಲ್ಲಿ ಒಟ್ಟಿಗೆ. 1 ಅರಸುಗಳು 9ರ ಪ್ರಕಾರ ನಾಡಿನಲ್ಲಿ ಉಳಿದಿದ್ದ ಅಮೋರಿಯರು, ಹಿತ್ತಿಯರು, ಪೆರಿಜ್ಜೀಯರು, ಹಿವ್ವಿಯರು, ಯೆಬೂಸಿಯರನ್ನು ಸೊಲೊಮೋನ ಬಿಟ್ಟಿ ಕೆಲಸಕ್ಕೆ ಹಚ್ಚಿದ. ಅವರ ಪೀಳಿಗೆ ಇವರು ಎಂದು ಸಾಮಾನ್ಯವಾಗಿ ತಿಳಿಯುತ್ತಾರೆ.

ಇವರ ಹತ್ತು ಹೆಸರಿನಲ್ಲಿ ಎರಡು ಹೆಸರು ಕಸುಬಿನವು. ಹಸ್ಸೋಫೆರೆತ್ ಅಂದರೆ ಬರಹದ ಕೆಲಸದವರು. ಇನ್ನೊಂದು ಪೋಕೆರೆತ್ ಹಚ್ಚೆಬಾಯೀಮ್. ಅದಕ್ಕೆ ಜಿಂಕೆ ನೋಡಿಕೊಳ್ಳುವವರು ಅಥವಾ ಜಿಂಕೆ ಹಿಡಿಯುವವರು ಎಂಬ ಅರ್ಥ ಹೇಳುತ್ತಾರೆ. ಇಲ್ಲಿ ನನಗೆ ಒಂದು ಪ್ರಶ್ನೆ ಹುಟ್ಟಿತು. ಯಜ್ಞವೇದಿಯ ಮೇಲೆ ಜಿಂಕೆ ಅರ್ಪಿಸುವ ಪದ್ಧತಿಯೇ ಇಲ್ಲ. ದನ, ಕುರಿ, ಆಡು, ಪಾರಿವಾಳ, ಬೆಳವಕ್ಕಿ, ಅಷ್ಟೇ. ಹಾಗಾದರೆ ಜಿಂಕೆಯವರಿಗೆ ಇಲ್ಲೇನು ಕೆಲಸ? ಉತ್ತರ 1 ಅರಸುಗಳು 4ರಲ್ಲಿ ಸಿಗುತ್ತದೆ. ಸೊಲೊಮೋನನ ಅರಮನೆಯ ಒಂದು ದಿನದ ಅಡುಗೆಗೆ ಎತ್ತು, ಕುರಿಗಳ ಜೊತೆಗೆ ದುಪ್ಪಿ, ಜಿಂಕೆ ಎಲ್ಲ ಬರುತ್ತಿದ್ದವು. ಅಂದರೆ ಇದು ಅರಮನೆಯ ಊಳಿಗದ ಹೆಸರು. ಅರಮನೆ ಹೋಯಿತು, ಅರಸ ಹೋದ, ಜಿಂಕೆಗಳೂ ಹೋದವು. ನಾಲ್ಕು ನೂರು ವರ್ಷದ ಮೇಲೆ ಬಾಬಿಲೋನಿನಿಂದ ಹೊರಟವರ ಪಟ್ಟಿಯಲ್ಲಿ ಹೆಸರು ಮಾತ್ರ ಉಳಿಯಿತು. ಇದು ನನ್ನ ಓದು. ನಿಮಗೆ ಬೇರೆ ಅನ್ನಿಸಿದರೆ ಜಗಳವಿಲ್ಲ.

ಇವರೇ ಗಿಬ್ಯೋನ್ಯರು ಎನ್ನುತ್ತಾರಲ್ಲ, ನಿಜವಾ?

ಅತಿ ಹೆಚ್ಚು ಬರುವ ಪ್ರಶ್ನೆ ಇದು.

ಗಿಬ್ಯೋನ್ಯರು ಅಂದರೆ ಕಾನಾನ್ ನಾಡಿನ ಗಿಬ್ಯೋನ್ ಎಂಬ ಊರಿನವರು. ಅವರ ಕಥೆ ಯೆಹೋಶುವ 9ರಲ್ಲಿದೆ. ಹರಿದ ಗೋಣಿ, ತೇಪೆ ಹಾಕಿದ ಕೆರ, ಬೂಷ್ಟು ಹಿಡಿದ ರೊಟ್ಟಿ ತೋರಿಸಿ, ತಾವು ದೂರದೇಶದವರು ಎಂದು ನಂಬಿಸಿ, ಇಸ್ರಾಯೇಲ್ಯರ ನಾಯಕ ಯೆಹೋಶುವನ ಜೊತೆ ಒಪ್ಪಂದ ಮಾಡಿಕೊಂಡರು. ಗುಟ್ಟು ಬಯಲಾದಾಗ ಯೆಹೋಶುವ ಅವರನ್ನು ಕೊಲ್ಲಲಿಲ್ಲ. ಕಟ್ಟಿಗೆ ಒಡೆಯಿರಿ, ನೀರು ಹೊರಿರಿ ಎಂದು ಯಜ್ಞವೇದಿಯ ಕೆಲಸಕ್ಕೆ ಹಾಕಿದ. ಹಾಕಿದ ಎಂಬಲ್ಲಿ ಹೀಬ್ರೂವಿನಲ್ಲಿ ಇರುವ ಕ್ರಿಯಾಪದ ಅದೇ 'ನಾತನ್'. ಕೆಲಸವೂ ಹೊಂದುತ್ತದೆ, ಪದವೂ ಹೊಂದುತ್ತದೆ. ತಲ್ಮೂದ್ ಎಂಬ ಯೆಹೂದಿ ಧರ್ಮಚರ್ಚೆಯ ಗ್ರಂಥದ ಪಂಡಿತರು ಇಬ್ಬರೂ ಒಂದೇ ಎಂದು ತೀರ್ಮಾನಿಸಿದರು.

ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಕಾರಣ ನೆಹೆಮೀಯನ ಪುಸ್ತಕದಲ್ಲೇ ಇದೆ. 7:25ರಲ್ಲಿ ಗಿಬ್ಯೋನಿನವರು 95 ಜನ ಎಂದು ಲೆಕ್ಕ ಕೊಟ್ಟಿದೆ. ಅದು ಇಸ್ರಾಯೇಲ್ ಜನರ ಪಟ್ಟಿಯ ಭಾಗ, ನೆತಿನೀಮರ ಭಾಗವಲ್ಲ. 3:7ರಲ್ಲಿ ಗಿಬ್ಯೋನಿನ ಮೆಲೆಟ್ಯ ಎಂಬವನು ತನ್ನ ಊರಿನವರೊಂದಿಗೆ ಜೆರುಸಲೇಮಿನ ಗೋಡೆ ಕಟ್ಟುತ್ತಾನೆ. ಅಲ್ಲೂ ಅವನನ್ನು ಊಳಿಗದವನು ಎಂದು ಕರೆದಿಲ್ಲ. ಇನ್ನು ಎಜ್ರ 8:20 ನೆತಿನೀಮರನ್ನು ಕೊಟ್ಟವರು ಅರಸ ದಾವೀದ ಮತ್ತು ಅವನ ಅಧಿಕಾರಿಗಳು ಎನ್ನುತ್ತದೆ. ಯೆಹೋಶುವನ ಹೆಸರು ಎತ್ತುವುದೇ ಇಲ್ಲ.

ಮೆಯೂನೀಮ್, ನೆಫೀಸೀಮ್, ಸೀಸೆರ, ಬರ್ಕೋಸ್ ಎಲ್ಲರೂ ಒಂದೇ ಊರಿನವರು ಎಂದು ಹೇಗೆ ಹೇಳುವುದು? ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ದಾರಿಯಲ್ಲಿ ಬಂದು ಸೇರಿದ ಜನ ಎಂದೇ ನನಗೆ ಕಾಣುತ್ತದೆ. ಅವರಲ್ಲಿ ಕೆಲವರು ಗಿಬ್ಯೋನ್ಯರೂ ಇದ್ದಿರಬಹುದು.

ದೇವಾಲಯದಲ್ಲಿ ಇವರು ಏನು ಕೆಲಸ ಮಾಡುತ್ತಿದ್ದರು?

'ಲೇವಿಯರ ಸೇವೆಗಾಗಿ' ಎಂದಷ್ಟೇ ಎಜ್ರ 8:20ರಲ್ಲಿದೆ. ಕೆಲಸದ ಪಟ್ಟಿ ಎಲ್ಲೂ ಇಲ್ಲ. ಆದರೆ ದೇವಾಲಯ ಹೇಗೆ ನಡೆಯುತ್ತಿತ್ತು ಎಂದು ಗೊತ್ತಿದ್ದರೆ ಯಾವ ಕೆಲಸಕ್ಕೆ ಕೈ ಬೇಕಿತ್ತು ಎಂಬುದೂ ಗೊತ್ತಾಗುತ್ತದೆ.

ಯಜ್ಞವೇದಿಯ ಬೆಂಕಿ ಆರಬಾರದು. ಹಗಲೂ ರಾತ್ರಿ ಉರಿಯಬೇಕು. ದಿನಕ್ಕೆ ಎರಡು ಕುರಿಮರಿ, ಬೆಳಿಗ್ಗೆ ಒಂದು, ಸಂಜೆ ಒಂದು. ಸಬ್ಬತ್ತಿಗೆ, ಅಮಾವಾಸ್ಯೆಗೆ, ಹಬ್ಬಕ್ಕೆ ಇನ್ನೂ ಹೆಚ್ಚು. ಅಷ್ಟು ಕಟ್ಟಿಗೆ ಬೆಟ್ಟದ ಮೇಲೆ ಬರಬೇಕು. ಅಷ್ಟು ಬೂದಿ ಕೆಳಗಿಳಿಯಬೇಕು. ರಕ್ತ ತೊಳೆಯಲು, ಕೈಕಾಲು ತೊಳೆಯಲು, ಮಾಂಸ ತೊಳೆಯಲು ನೀರು ಬೇಕು. ಜೆರುಸಲೇಮಿನಲ್ಲಿ ವರ್ಷವಿಡೀ ನೀರು ಕೊಡುವ ಊಟೆ ಗೀಹೋನ್. ಅದು ಇಳಿಜಾರಿನ ಕೆಳಗೆ, ದೇವಾಲಯ ಮೇಲೆ. ಆ ನೀರು ತಾನಾಗಿ ಹತ್ತುವುದಿಲ್ಲ.

ಯಾಜಕರ ಬಟ್ಟೆ, ಹಾಡುಗಾರರ ತಾಳ, ಬಾಗಿಲು ಕಾಯುವವರ ಸರದಿ, ಎಲ್ಲದರ ಬಗ್ಗೆಯೂ ಬರೆದಿಟ್ಟಿದ್ದಾರೆ. ನೀರು ಹೊತ್ತವರ ದಾರಿಯ ಬಗ್ಗೆ ಒಂದು ಸಾಲು ಇಲ್ಲ.

ಹಾಗಾದರೆ ಇವರು ಗುಲಾಮರಾ?

ಜೋಸೆಫಸ್ ಎಂಬ ಒಂದನೇ ಶತಮಾನದ ಯೆಹೂದಿ ಇತಿಹಾಸಕಾರ ಇವರನ್ನು ಗ್ರೀಕ್ ಭಾಷೆಯಲ್ಲಿ 'ಹಿಯೆರೊದೂಲೊಯ್' ಎಂದು ಕರೆದ, ಅಂದರೆ ದೇವಾಲಯದ ದಾಸರು. ಅಲ್ಲಿಂದ ಗುಲಾಮರು ಎಂಬ ಮಾತು ಅಂಟಿಕೊಂಡಿದೆ.

ಎಜ್ರನ ಪಟ್ಟಿ ಮಾತ್ರ ಹಾಗೆ ಹೇಳುವುದಿಲ್ಲ. ಕೊನೆಯಲ್ಲಿ, 2:65ರಲ್ಲಿ, ಗುಲಾಮರ ಲೆಕ್ಕ ಬೇರೆಯಾಗಿಯೇ ಇದೆ. 7,337 ಗಂಡಾಳು ಹೆಣ್ಣಾಳುಗಳು. ಅವರಿಗೆ ಹೆಸರಿಲ್ಲ, ಮನೆತನವಿಲ್ಲ. ಅವರ ನಂತರದ ಸಾಲುಗಳಲ್ಲಿ 736 ಕುದುರೆ, 245 ಹೇಸರಗತ್ತೆ, 435 ಒಂಟೆ, 6,720 ಕತ್ತೆ. ನೆತಿನೀಮರು ಆ ಸಾಲಿನಲ್ಲಿಲ್ಲ. 42,360ರ ಒಳಗೆ, ಜನರ ಸಾಲಿನಲ್ಲಿದ್ದಾರೆ.

ಇನ್ನೆರಡು ವಿಷಯ. ಪರ್ಷಿಯದ ಅರಸ ಅರ್ತಷಸ್ತ ಎಜ್ರನಿಗೆ ಕೊಟ್ಟ ಪತ್ರದಲ್ಲಿ (ಎಜ್ರ 7:24) ತೆರಿಗೆ, ಸುಂಕ ಹಾಕಬಾರದವರ ಹೆಸರು ಹೇಳಿದ್ದಾನೆ. ಯಾಜಕರು, ಲೇವಿಯರು, ಹಾಡುಗಾರರು, ಬಾಗಿಲು ಕಾಯುವವರು, ಅವರ ಜೊತೆಗೆ ನೆತಿನೀಮರು. ಗುಲಾಮನಿಗೆ ತೆರಿಗೆ ವಿನಾಯಿತಿ ಕೊಡುವ ಮಾತೇ ಬರುವುದಿಲ್ಲ. ಮುಂದೆ ನೆಹೆಮೀಯ 10ರಲ್ಲಿ ಜನರೆಲ್ಲ ಧರ್ಮಶಾಸ್ತ್ರ ಪಾಲಿಸುತ್ತೇವೆ ಎಂದು ಆಣೆ ಮಾಡುವಾಗ ನೆತಿನೀಮರೂ ನಿಲ್ಲುತ್ತಾರೆ. ಹೆಂಡಿರು, ಗಂಡುಮಕ್ಕಳು, ಹೆಣ್ಣುಮಕ್ಕಳು ಸಮೇತ. ಆಣೆಯ ಮೊದಲ ಮಾತು ಏನು ಗೊತ್ತಾ? ಹೊರಗಿನ ಜನಕ್ಕೆ ಹೆಣ್ಣು ಕೊಡುವುದಿಲ್ಲ, ತರುವುದಿಲ್ಲ ಎಂದು. ಸೀಸೆರನ ಹೆಸರಿನ ಮನೆತನದವರೂ ಹಾಗೆ ಆಣೆ ಮಾಡಿದರು. ತಾವು ಒಳಗಿನವರು ಎಂಬ ಬಗ್ಗೆ ಅವರಿಗೆ ಅನುಮಾನವಿರಲಿಲ್ಲ.

ಪೂರ್ತಿ ಸ್ವತಂತ್ರರೂ ಅಲ್ಲ ಎನ್ನಿ. ಹುಟ್ಟಿನಿಂದ ಬಂದ ಕೆಲಸ, ಬಿಟ್ಟು ಹೋಗುವ ದಾರಿ ಕಾಣುವುದಿಲ್ಲ. ಗುಲಾಮ, ಸ್ವತಂತ್ರ ಎಂಬ ಎರಡೇ ಡಬ್ಬಿ ಇಟ್ಟುಕೊಂಡು ಹೊರಟರೆ ಇವರು ಯಾವುದರಲ್ಲೂ ಹಿಡಿಸುವುದಿಲ್ಲ.

ಬೇರೆ ದೇಶಗಳಲ್ಲೂ ಇಂಥ ಜನ ಇದ್ದರಾ?

ಇದ್ದರು. ಅದೂ ಬಾಬಿಲೋನಿನಲ್ಲೇ, ಅದೇ ಕಾಲದಲ್ಲಿ. ಉರೂಕ್ ಎಂಬ ಊರಿನಲ್ಲಿ ಎಅನ್ನ ಎಂಬ ದೊಡ್ಡ ದೇವಾಲಯವಿತ್ತು. ಅಲ್ಲಿ ದೇವಿ ಇಷ್ಟಾರಳಿಗೆ ಒಪ್ಪಿಸಿದವರನ್ನು 'ಶಿರ್ಕು' ಎನ್ನುತ್ತಿದ್ದರು. ಆ ಪದದ ಬೇರೂ 'ಕೊಡು' ಎಂಬುದೇ. ಅವರ ಕೈಮೇಲೆ ನಕ್ಷತ್ರದ ಮುದ್ರೆ ಹಾಕುತ್ತಿದ್ದರು. ಹೊಲ, ಕುರಿಹಟ್ಟಿ, ಕಾಲುವೆ, ಎಲ್ಲ ಕಡೆ ಅವರದೇ ದುಡಿಮೆ. ಕೂಲಿಯಾಗಿ ಬಾರ್ಲಿ ಅಳೆದು ಕೊಡುತ್ತಿದ್ದರು. ಅವರಿಗೆ ಸಂಸಾರ ಇತ್ತು, ಕೆಲವರಿಗೆ ಆಸ್ತಿಯೂ ಇತ್ತು. ಆದರೆ ಶಿರ್ಕುವಿನ ಮಕ್ಕಳು ಶಿರ್ಕುಗಳೇ. ಇದೆಲ್ಲ ಮಣ್ಣಿನ ಹಲಗೆಗಳ ಮೇಲೆ ಬರೆದಿಟ್ಟ ಲೆಕ್ಕದಿಂದ ತಿಳಿದದ್ದು.

ಸೆರೆಯಲ್ಲಿದ್ದ ನೆತಿನೀಮರ ಮನೆತನಗಳು ಇಂಥ ವ್ಯವಸ್ಥೆ ಇದ್ದ ನಾಡಿನಲ್ಲೇ ಬಾಳಿದ್ದವು. ನೆತಿನೀಮರಿಗೆ ಮುದ್ರೆ ಹಾಕುತ್ತಿದ್ದರು ಎಂದು ಮಾತ್ರ ಯಾವ ಗ್ರಂಥವೂ ಹೇಳುವುದಿಲ್ಲ. ಹೋಲಿಕೆ ಇದೆ ಎಂದು ಎಲ್ಲವನ್ನೂ ಎಳೆದು ತರಬಾರದು.

ಲೇವಿಯರು ಹಿಂಜರಿದಾಗ ಇವರು ಬಂದರು ಎನ್ನುವುದು ಹೌದಾ?

ಹೌದು. ಇಡೀ ವಿಷಯದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು.

ಮೊದಲ ಗುಂಪಿನಲ್ಲೇ ಲೆಕ್ಕ ನೋಡಿ. ಲೇವಿಯರು 74. ನೆತಿನೀಮರು ಮತ್ತು ಸೊಲೊಮೋನನ ಸೇವಕರ ಕಡೆಯವರು 392. ಲೇವಿಯರ ಐದರಷ್ಟಕ್ಕಿಂತ ಜಾಸ್ತಿ.

ಎರಡನೇ ಗುಂಪು ಅರ್ತಷಸ್ತನ 7ನೇ ವರ್ಷದಲ್ಲಿ, ಸಾಮಾನ್ಯವಾಗಿ ಹೇಳುವ ಲೆಕ್ಕದಲ್ಲಿ ಕ್ರಿ.ಪೂ. 458ರಲ್ಲಿ ಹೊರಟಿತು. ಎಜ್ರ ಎಲ್ಲರನ್ನೂ ಅಹವಾ ಎಂಬ ನೀರಿನ ದಡದಲ್ಲಿ ಸೇರಿಸಿದ. ಮೂರು ದಿನ ಗುಡಾರ ಹಾಕಿಕೊಂಡು ಜನರನ್ನು ಪರೀಕ್ಷಿಸಿದ. ಯಾಜಕರಿದ್ದಾರೆ, ಜನರಿದ್ದಾರೆ, ಲೇವಿಯರು ಒಬ್ಬರೂ ಇಲ್ಲ! ಲೇವಿಯರಿಲ್ಲದೆ ದೇವಾಲಯಕ್ಕೆ ಹೋಗಿ ಮಾಡುವುದೇನು? ಕಾಸಿಫ್ಯ ಎಂಬ ಊರಿನ ಮುಖ್ಯಸ್ಥ ಇದ್ದೋ ಎಂಬವನ ಬಳಿಗೆ, ಅಲ್ಲಿದ್ದ ನೆತಿನೀಮರ ಬಳಿಗೆ ಜನ ಕಳಿಸಿದ. ಹೀಗೆ ಹೇಳಿಕಳಿಸಿದ ಮೇಲೆ 38 ಲೇವಿಯರು ಬಂದರು. ನೆತಿನೀಮರು 220 ಜನ ಬಂದರು.

ಲೇವಿಯರಿಗೆ ಯಾಕೆ ಉತ್ಸಾಹವಿರಲಿಲ್ಲ? ಹೋದರೆ ಯಾಜಕರ ಕೈಕೆಳಗೆ ಕೆಲಸ. ಸಂಬಳ ಅಂದರೆ ಜನ ಕೊಡುವ ದಶಮಾಂಶ. ಅದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮುಂದೆ ನೆಹೆಮೀಯ 13:10ರಲ್ಲಿ ಅದೇ ಆಗುತ್ತದೆ. ಪಾಲು ಸಿಗದೆ ಲೇವಿಯರು, ಹಾಡುಗಾರರು ತಮ್ಮ ತಮ್ಮ ಹೊಲಕ್ಕೆ ಓಡಿಹೋಗುತ್ತಾರೆ. ಬಾಬಿಲೋನಿನಲ್ಲಿ ಬದುಕು ಕಟ್ಟಿಕೊಂಡವರು ಯೋಚನೆ ಮಾಡಿದ್ದರಲ್ಲಿ ತಪ್ಪೇನಿಲ್ಲ.

ನೆತಿನೀಮರು ಯಾಕೆ ಬಂದರು? ಬರೀ ಭಕ್ತಿ ಎನ್ನುವವರಿದ್ದಾರೆ. ನನಗೆ ಅದರ ಜೊತೆ ಇನ್ನೊಂದು ಕಾರಣ ಕಾಣುತ್ತದೆ. ಹೊಲದವನಿಗೆ ಹೊಲದಿಂದ ಗುರುತು. ಯಾಜಕನಿಗೆ ವಂಶದಿಂದ ಗುರುತು, ದೇವಾಲಯ ಇದ್ದರೂ ಇಲ್ಲದಿದ್ದರೂ. ನೆತಿನೀಮನಿಗೆ ದೇವಾಲಯ ಬಿಟ್ಟರೆ ಗುರುತೇ ಇಲ್ಲ. ಮೇಲಾಗಿ ತೆರಿಗೆ ವಿನಾಯಿತಿ ಬೇರೆ.

ಇವರ ವಂಶಾವಳಿ ಪಕ್ಕಾ ಇತ್ತಾ?

ಇತ್ತು ಎಂದೇ ಪಟ್ಟಿ ತೋರಿಸುತ್ತದೆ. ತಮಾಷೆ ಏನೆಂದರೆ, ಅದೇ ಅಧ್ಯಾಯದಲ್ಲಿ ಹಬಯ್ಯ, ಹಕ್ಕೋಚ್, ಬರ್ಜಿಲ್ಲೈ ಎಂಬ ಮೂರು ಯಾಜಕ ಮನೆತನಗಳು ತಮ್ಮ ದಾಖಲೆ ಹುಡುಕಿ ಸಿಗದೆ ಯಾಜಕತ್ವದಿಂದ ಹೊರಗೆ ನಿಲ್ಲಬೇಕಾಯಿತು. ಇನ್ನೂ 652 ಜನ ತಾವು ಇಸ್ರಾಯೇಲ್ಯರೋ ಅಲ್ಲವೋ ಎಂದು ತೋರಿಸಲಾಗಲಿಲ್ಲ. ಅವರಲ್ಲಿ ನೆಕೋದ ಎಂಬ ಮನೆತನವೂ ಒಂದು. ನೆತಿನೀಮರ ಪಟ್ಟಿಯಲ್ಲೂ ನೆಕೋದ ಇದ್ದಾನೆ. ಇಬ್ಬರೂ ಒಂದೇ ಮನೆಯ ಕವಲುಗಳಾ ಎಂದು ಕೇಳುವವರಿದ್ದಾರೆ. ಹೆಸರು ಒಂದೇ ಎಂಬುದಕ್ಕಿಂತ ಹೆಚ್ಚು ಆಧಾರ ಇಲ್ಲ.

ಜೆರುಸಲೇಮಿನಲ್ಲಿ ಇವರ ಮನೆಗಳು ಎಲ್ಲಿದ್ದವು?

ಓಫೇಲ್ ಎಂಬ ದಿಬ್ಬದ ಮೇಲೆ, ದೇವಾಲಯದ ದಕ್ಷಿಣಕ್ಕೆ. ಪೂರ್ವದ ನೀರುಬಾಗಿಲಿನ ಎದುರಿನವರೆಗೂ ಇವರ ವಾಸ ಎಂದು ನೆಹೆಮೀಯ 3:26 ಹೇಳುತ್ತದೆ. ದೇವಾಲಯಕ್ಕೂ ಹತ್ತಿರ, ನೀರಿನ ದಾರಿಗೂ ಹತ್ತಿರ. 3:31ರಲ್ಲಿ ನೆತಿನೀಮರ ಮನೆ ಮತ್ತು ವ್ಯಾಪಾರಿಗಳ ಮನೆ ಎಂದು ಒಟ್ಟಿಗೆ ಬರುತ್ತದೆ. ಅಂದರೆ ಅದು ಊರಿನ ಮೂಲೆಯಲ್ಲ, ಜನ ಓಡಾಡುವ ಜಾಗ. ಕೆಲವರು ಹೊರಗಿನ ಊರುಗಳಲ್ಲೂ ಇದ್ದರು.

ನೆಹೆಮೀಯ 11:21ರಲ್ಲಿ ಇವರ ಮೇಲ್ವಿಚಾರಕರ ಹೆಸರು ಇದೆ, ಚೀಹ ಮತ್ತು ಗಿಷ್ಪ. ಚೀಹ ಎಂಬುದು ಮೊದಲ ಪಟ್ಟಿಯ ಮೊದಲ ಹೆಸರು, ನೆನಪಿದೆಯಲ್ಲ? ನಡುವೆ ಹತ್ತಿರಹತ್ತಿರ ನೂರು ವರ್ಷ ಕಳೆದಿದೆ.

ಇನ್ನೊಂದು ವಿಷಯ. ಏಳನೇ ತಿಂಗಳ ಮೊದಲ ದಿನ ಎಜ್ರ ಧರ್ಮಶಾಸ್ತ್ರವನ್ನು ಜನರೆದುರು ಓದಿದ ಪ್ರಸಿದ್ಧ ಕಥೆ ನೆಹೆಮೀಯ 8ರಲ್ಲಿದೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಓದು ನಡೆಯಿತು. ಎಲ್ಲಿ? ನೀರುಬಾಗಿಲಿನ ಮುಂದಿನ ಬಯಲಿನಲ್ಲಿ. ನೆತಿನೀಮರ ಕೇರಿಯ ಎದುರಿಗೇ ಅನ್ನಬಹುದು.

ನೆಹೆಮೀಯ ಜೆರುಸಲೇಮಿನ ಗೋಡೆ ಕಟ್ಟಿಸುವಾಗ ಇವರೂ ಕೆಲಸ ಮಾಡಿದರಾ?

ಗೋಡೆ 52 ದಿನದಲ್ಲಿ ಮುಗಿಯಿತು, ಕ್ರಿ.ಪೂ. 445ರಲ್ಲಿ. 3:26ರ ವಾಕ್ಯದಲ್ಲಿ ಇವರು ಅಲ್ಲಿ 'ವಾಸಿಸುತ್ತಿದ್ದರು' ಎಂದಿದೆಯೇ ಹೊರತು 'ಕಟ್ಟಿದರು' ಎಂಬ ಪದ ಹೀಬ್ರೂವಿನಲ್ಲಿ ಇಲ್ಲ. ತಮ್ಮ ಮನೆಯ ಮುಂದಿನ ಗೋಡೆಯನ್ನು ಬೇರೆಯವರು ಕಟ್ಟುವಾಗ ಕೈಕಟ್ಟಿ ಕೂತಿದ್ದರು ಎಂದು ನನಗಂತೂ ಅನ್ನಿಸುವುದಿಲ್ಲ.

ಆಮೇಲೆ ಇವರಿಗೆ ಮದುವೆಯ ನಿಷೇಧ ಬಂತಂತೆ?

ಬಂತು. ಕಥೆ ಇಲ್ಲಿಂದ ಬೇಸರದ ಕಡೆಗೆ ತಿರುಗುತ್ತದೆ.

ಕ್ರಿ.ಶ. 200ರ ಸುಮಾರಿಗೆ ಒಟ್ಟುಗೂಡಿಸಿದ ಮಿಷ್ನಾ ಎಂಬ ಯೆಹೂದಿ ಧರ್ಮನಿಯಮಗಳ ಗ್ರಂಥದಲ್ಲಿ, ಬಾಬಿಲೋನಿನಿಂದ ಬಂದ ಹತ್ತು ಬಗೆಯ ವಂಶಗಳನ್ನು ಎಣಿಸಿದ್ದಾರೆ. ಯಾಜಕರು, ಲೇವಿಯರು, ಇಸ್ರಾಯೇಲ್ಯರು ಮೊದಲು. ನೆತಿನೀಮರು ಎಂಟನೆಯವರು. ಅವರ ಕೆಳಗೆ ಅಪ್ಪ ಯಾರೆಂದು ಗೊತ್ತಿಲ್ಲದವರು, ಬೀದಿಯಲ್ಲಿ ಸಿಕ್ಕ ಮಕ್ಕಳು. ಸಾಮಾನ್ಯ ಇಸ್ರಾಯೇಲ್ಯರು ನೆತಿನೀಮರೊಂದಿಗೆ ಹೆಣ್ಣು ಗಂಡು ಕೊಟ್ಟು ತರುವಂತಿಲ್ಲ. ತಮ್ಮ ಹಾಗೆ ಕೆಳಗಿಟ್ಟವರ ಜೊತೆ ಮಾಡಿಕೊಳ್ಳಬಹುದು.

ನೆಹೆಮೀಯನ ಕಾಲದಲ್ಲಿ ಅಕ್ಕಪಕ್ಕ ನಿಂತು ಒಂದೇ ಆಣೆ ಮಾಡಿದವರು! ದೇವಾಲಯ ಕ್ರಿ.ಶ. 70ರಲ್ಲಿ ರೋಮನ್ನರ ಕೈಯಲ್ಲಿ ಸುಟ್ಟುಹೋಗಿತ್ತು. ಹೊರಲು ನೀರೂ ಇಲ್ಲ, ಕಟ್ಟಿಗೆಯೂ ಇಲ್ಲ. ಊಳಿಗ ಹೋಯಿತು, ಊಳಿಗದ ಕಳಂಕ ಉಳಿಯಿತು.

ತಲ್ಮೂದ್ ಇದಕ್ಕೆ ಕೊಡುವ ಕಾರಣ ದಾವೀದನ ಕಾಲದ್ದು. ದಾವೀದನ ಹಿಂದಿನ ಅರಸ ಸೌಲನು ಗಿಬ್ಯೋನ್ಯರನ್ನು ಕೊಂದದ್ದಕ್ಕೆ ಪ್ರತಿಯಾಗಿ ಅವರು ಸೌಲನ ಮನೆಯ ಏಳು ಜನರ ಪ್ರಾಣ ಕೇಳಿದರು, ಅದು 2 ಸಮುವೇಲ 21ರ ಕಥೆ. ಇಸ್ರಾಯೇಲ್ಯರ ಗುರುತು ಕರುಣೆ, ನಾಚಿಕೆ, ಉಪಕಾರಬುದ್ಧಿ. ಇವರಲ್ಲಿ ಅದಿಲ್ಲ ಎಂದು ದಾವೀದ ದೂರವಿಟ್ಟ ಎಂಬುದು ಪಂಡಿತರ ವಿವರಣೆ. ಪಾಪ, ಆ ಕಥೆಗೂ ಮಿಡತೆಯ ಮನೆತನಕ್ಕೂ ಏನು ಸಂಬಂಧ ಎಂದು ನಾನು ಕೇಳಿಕೊಳ್ಳುತ್ತೇನೆ.

ನಿಷೇಧ ತೆಗೆಯುವ ಪ್ರಯತ್ನವೂ ನಡೆಯಿತು. ಮಿಷ್ನಾವನ್ನು ಒಟ್ಟುಗೂಡಿಸಿದ ರಬ್ಬಿ ಯೆಹೂದ ಹನ್ನಾಸೀ ಕಾಲದಲ್ಲಿ ಇವರನ್ನು ಸೇರಿಸಿಕೊಳ್ಳೋಣ ಎಂದು ಕೆಲವರು ಕೇಳಿದರು. ಅವರ ಉತ್ತರದ ಸಾರ ಹೀಗಿದೆ: ನಮ್ಮ ಪಾಲಿನದನ್ನು ನಾವು ಬಿಡಬಹುದು, ಯಜ್ಞವೇದಿಯ ಪಾಲನ್ನು ಬಿಡುವವರು ಯಾರು? ಯಜ್ಞವೇದಿ ಅಳಿದು ನೂರಕ್ಕೂ ಹೆಚ್ಚು ವರ್ಷ ಆಗಿತ್ತು ಆಗ.

ಅದೇ ಮಿಷ್ನಾದ ಇನ್ನೊಂದು ಕಡೆ, ಹೋರಾಯೋತ್ ಭಾಗದ ಕೊನೆಯಲ್ಲಿ, ಯಾರು ಯಾರಿಗಿಂತ ಮುಂದು ಎಂಬ ಸಾಲು ಇದೆ. ಅಲ್ಲೂ ನೆತಿನೀಮರು ಕೆಳಗೇ. ಆದರೆ ಸಾಲು ಮುಗಿಯುವಾಗ ಒಂದು ಮಾತು ಸೇರಿಸಿದ್ದಾರೆ. ಈ ಕ್ರಮ ಎಲ್ಲರೂ ಸಮಾನರಾಗಿದ್ದಾಗ ಮಾತ್ರ, ನಿಷಿದ್ಧ ಸಂಬಂಧದಲ್ಲಿ ಹುಟ್ಟಿದವನು ವಿದ್ವಾಂಸನಾಗಿದ್ದರೆ ಅವನು ಏನೂ ತಿಳಿಯದ ಮಹಾಯಾಜಕನಿಗಿಂತ ಮುಂದು ಎಂದು. ಒಂದೇ ಗ್ರಂಥ, ಎರಡು ದನಿ.

ಬೈಬಲಿನ ಹೊರಗೆ ಏನಾದರೂ ಪುರಾವೆ ಸಿಕ್ಕಿದೆಯಾ?

ಒಂದು ಚೂರು ಸಿಕ್ಕಿದೆ. ಅಕ್ಷರಶಃ ಚೂರು, ಮಡಕೆಯದ್ದು. ನೆಗೆವ್ ಮರುಭೂಮಿಯ ಅರಾದ್ ಎಂಬ ಹಳೆಯ ಕೋಟೆಯಲ್ಲಿ 1960ರ ದಶಕದಲ್ಲಿ ಯೋಹನಾನ್ ಅಹರೋನಿ ಅಗೆತ ನಡೆಸಿದರು. ಮಸಿಯಲ್ಲಿ ಬರೆದ ಮಡಕೆ ಚೂರುಗಳು ಅಲ್ಲಿ ಸಿಕ್ಕವು. ಕೋಟೆಯ ಅಧಿಕಾರಿ ಎಲ್ಯಾಷೀಬನಿಗೆ ಬಂದ ಚೀಟಿಗಳು. ಕಾಲ ಕ್ರಿ.ಪೂ. 600ರ ಆಸುಪಾಸು, ಅಂದರೆ ಜೆರುಸಲೇಮ್ ಬೀಳುವ ಸ್ವಲ್ಪ ಮುಂಚೆ.

18ನೇ ಸಂಖ್ಯೆಯ ಚೂರಿನಲ್ಲಿ 'ಕೇರೋಸಿಯವನಿಗೆ' ಇಷ್ಟು ಕೊಡು ಎಂಬ ಮಾತಿದೆ. ಮುಂದೆ ಯಾರೋ ಒಬ್ಬ 'ಯೆಹೋವನ ಮನೆಯಲ್ಲಿ' ಇದ್ದಾನೆ ಎಂದೂ ಇದೆ. ಈಗ ಎಜ್ರ 2:44 ತೆಗೆಯಿರಿ. ನೆತಿನೀಮರ ನಾಲ್ಕನೇ ಮನೆತನ ಕೇರೋಸ್. ಅದೇ ಮನೆತನ ಎಂದು ಬಹಳ ಪಂಡಿತರು ಭಾವಿಸುತ್ತಾರೆ. ಹಾಗಿದ್ದರೆ ಈ ಮನೆತನ ಸೆರೆಗೆ ಮುಂಚೆಯೇ ಇತ್ತು, ಕೆಲಸದ ಮೇಲೆ ಕೋಟೆಯವರೆಗೂ ಓಡಾಡುತ್ತಿತ್ತು, ರೇಷನ್ ಪಡೆಯುತ್ತಿತ್ತು ಎಂದಾಯಿತು.

ಈಗ ಇವರ ವಂಶದವರು ಇದ್ದಾರಾ?

ಕೊಹೇನ್, ಲೇವಿ ಎಂಬ ಹೆಸರಿನಲ್ಲಿ ಯಾಜಕರ ಮತ್ತು ಲೇವಿಯರ ಪರಂಪರೆ ಇಂದಿಗೂ ಯೆಹೂದಿಗಳಲ್ಲಿ ಉಳಿದಿದೆ. ನೆತಿನೀಮ್ ಎಂದು ಗುರುತಿಸಿಕೊಳ್ಳುವ ಸಮುದಾಯ ಇಲ್ಲ. ಜನರೊಳಗೆ ಬೆರೆತುಹೋದರು.

ಪದ ಮಾತ್ರ ಬೇರೆ ವೇಷದಲ್ಲಿ ಬದುಕಿದೆ. ಇಂದಿನ ಇಸ್ರೇಲಿನಲ್ಲಿ 'ನಾತೀನ್' ಅಂದರೆ ಒಂದು ದೇಶಕ್ಕೆ ಸೇರಿದ ಪ್ರಜೆ. ವಿದೇಶಿಯರ ಕಾಗದಪತ್ರದಲ್ಲಿ, ಸುದ್ದಿಯಲ್ಲಿ ಈ ಪದ ಬರುತ್ತಲೇ ಇರುತ್ತದೆ.

ಎಜ್ರನ ಜೊತೆ ಬಂದ ಆ 220 ಜನರ ಹೆಸರು ಎಲ್ಲಿ ಸಿಗುತ್ತದೆ?

ಸಿಗುವುದಿಲ್ಲ. 'ಇವರೆಲ್ಲರ ಹೆಸರುಗಳನ್ನು ಬರೆದಿದೆ' ಎಂಬ ಅರ್ಥದ ಮಾತು ಎಜ್ರ 8:20ರ ಕೊನೆಯಲ್ಲಿದೆ. ಅವರ ಹಿಂದಿನ ಸಾಲುಗಳಲ್ಲಿ ಲೇವಿಯರ ಮುಖ್ಯಸ್ಥರಾದ ಶೇರೇಬ್ಯ, ಹಷಬ್ಯ, ಯೆಶಾಯ ಇವರ ಹೆಸರು ಇವೆ. ನೆತಿನೀಮರ ಹೆಸರು ಒಂದೂ ಇಲ್ಲ. ಬರೆದ ಓಲೆ ಬೇರೆ ಇದ್ದಿರಬೇಕು, ಅದು ನಮ್ಮವರೆಗೆ ಬರಲಿಲ್ಲ. ಮುಂದಿನ ವಚನದಲ್ಲಿ ಎಜ್ರ ಉಪವಾಸ ಸಾರುತ್ತಾನೆ, ಆಮೇಲೆ ಮೊದಲ ತಿಂಗಳ 12ನೇ ದಿನ ಎಲ್ಲರೂ ಅಹವಾದಿಂದ ಹೊರಡುತ್ತಾರೆ.